ಅತ್ತೆ ಇಲ್ಲದ ಕತೆ

ಬೆಂಚು ಬಚ್ಚಲಿನ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಚಿಕ್ಕಮ್ಮ ಒಳಗಿನಿಂದ ಎಳೆದಳು, ಮಗಳು ಹೊರಗಿನಿಂದ ತಳ್ಳಿದಳು. ಚೌಕಟ್ಟಿನ ಬಣ್ಣ ಎದ್ದುಬಂತೇ ಹೊರತು ಬೆಂಚು ಕದಲಲಿಲ್ಲ.

"ಓರೆ ಮಾಡೇ, ಕಾಲು ಮೊದಲು ಬರಲಿ," ಎಂದಳು ಚಿಕ್ಕಮ್ಮ. "ನಿಮ್ಮಮ್ಮ ಆಗಿದ್ದಿದ್ದರೆ ಒಬ್ಬಳೇ ಹೆಗಲ ಮೇಲೆ ಹೊತ್ತು ಒಳಗಿಡ್ತಿದ್ದಳು. ಒದ್ದೆ ಬೆಡ್‌ಶೀಟಿನ ಗಂಟು ಎತ್ತಿದ ಮೈ ಅದು."

ಬೆಂಚು ಒಳಗೆ ಹೋಯಿತು. ಅದರ ಮೇಲೆ ಮಲಗಿಸಿ ಸ್ನಾನ ಮಾಡಿಸಬೇಕಾದವಳು ನಡುಮನೆಯಲ್ಲಿ ಬಿಳಿ ಹೊದಿಕೆಯ ಕೆಳಗಿದ್ದಳು. ಇಪ್ಪತ್ತೊಂಬತ್ತು ವರ್ಷ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳು. ಹೆರಿಗೆ ವಾರ್ಡಿನಿಂದ, ಆಪರೇಷನ್ ಕೋಣೆಯಿಂದ ಬಂದ ರಕ್ತದ ಬಟ್ಟೆಗಳನ್ನು ತಣ್ಣೀರಿನಲ್ಲಿ ನೆನೆಹಾಕಿ, ಕೈಯಿಂದ ಕಲೆ ಬಿಡಿಸಿ, ಆಮೇಲೆ ಯಂತ್ರಕ್ಕೆ ಹಾಕುವುದು ಅವಳ ಕೆಲಸ. ಆದರೆ ಆ ಕೆಲಸದಿಂದ ಅವಳನ್ನು ಗುರುತಿಸುತ್ತಿದ್ದವರು ಕಡಿಮೆ. ಆಸ್ಪತ್ರೆಯಲ್ಲೂ ಶಾಲೆಗಳಲ್ಲೂ ಅವಳು ಎಲ್ಲರಿಗೂ 'ಸಿನಿಮಾ ಅಮ್ಮ'.

ಮಗಳು ಬೆನ್ನು ನೆಟ್ಟಗೆ ಮಾಡಿದಳು. ಹೊಟ್ಟೆಯ ಕೆಳಗೆ ಹಿಡಿದುಕೊಂಡಂತಾಯಿತು. ಮುಟ್ಟಿಗೆ ಇನ್ನೂ ಆರು ದಿನ ಇತ್ತು. ರಾತ್ರಿಯ ಏಳು ತಾಸಿನ ಬಸ್ ಪ್ರಯಾಣಕ್ಕೋ, ಅಮ್ಮನ ಮುಖ ನೋಡಿದ್ದಕ್ಕೋ, ಮೈ ತನ್ನ ಲೆಕ್ಕ ತಪ್ಪಿತ್ತು. ಅವಳು ನಡುಮನೆಗೆ ಬಂದು, ಅಮ್ಮನ ತಲೆಯ ಬಳಿ ಕೂತಿದ್ದ ಆಸ್ಪತ್ರೆಯ ನರ್ಸನ್ನು ಕೇಳಿದಳು:

"ಸಿಸ್ಟರ್, ನನಗೆ ಮುಟ್ಟಾಗಿದೆ. ನಿಮ್ಮ ಬ್ಯಾಗಲ್ಲಿ ಪ್ಯಾಡ್ ಇದೆಯಾ?"

ಅವಳು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಹೆಂಗಸರು ಪೆನ್ನು ಕೇಳಿದ ಹಾಗೆ ಇದನ್ನು ಕೇಳುತ್ತಾರೆ. ಅಲ್ಲಿ ಯಾರೂ ದನಿ ತಗ್ಗಿಸುವುದಿಲ್ಲ. ಇಲ್ಲಿಯೂ ಅವಳು ತಗ್ಗಿಸಲಿಲ್ಲ. ತಗ್ಗಿಸಬೇಕೆಂಬುದು ನೆನಪಿಗೇ ಬರಲಿಲ್ಲ.

ಮೂಲೆಯಲ್ಲಿ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಮಾಡುತ್ತಿದ್ದ ಅಜ್ಜಿಯ ತುಟಿಗಳು ನಿಂತವು. ಸತ್ತವಳ ಅತ್ತೆ ಅವಳು, ಎಂಬತ್ತಾರು ವರ್ಷ. ರಾತ್ರಿಯಿಂದ ಅತ್ತು ಅವಳ ಕಣ್ಣುಗಳು ಊದಿದ್ದವು.

"ಮಗೂ," ಎಂದಳು ಅಜ್ಜಿ, "ಹಾಗಾದರೆ ನೀನು ಬಚ್ಚಲಿಗೆ ಹೋಗಬೇಡ. ನಿನ್ನ ಚಿಕ್ಕಮ್ಮ ಮಾಡಿಸಲಿ, ಸಿಸ್ಟರು ಕೈ ಹಿಡೀಲಿ."

* * *

ಸಿನಿಮಾದವರು ಬಂದಾಗ ಮಗಳಿಗೆ ಹದಿನೈದು. ಆರೋಗ್ಯ ಇಲಾಖೆಗಾಗಿ ಹದಿನೆಂಟು ನಿಮಿಷದ ಚಿತ್ರ. ಅಮ್ಮನ ಪಾತ್ರಕ್ಕೆ ಬರಬೇಕಾದವಳು ಬರಲಿಲ್ಲ. ಲಾಂಡ್ರಿಯ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ಹೆಂಗಸಿನ ಮುಖ ನಿರ್ದೇಶಕಿಗೆ ಹಿಡಿಸಿತು.

ನಿರ್ದೇಶಕಿ ಲಾಂಡ್ರಿ ಚೀಟಿಯ ಹಿಂದೆ ಮೂರು ಚೌಕ ಬರೆದು ಕತೆ ವಿವರಿಸಿದಳು. "ಮೊದಲನೇದರಲ್ಲಿ ಹುಡುಗಿ ಮುಟ್ಟಾಗ್ತಾಳೆ, ಅಮ್ಮ ಅವಳನ್ನ ಹೊರಗೆ ಕೂರಿಸ್ತಾಳೆ. ಎರಡನೇದರಲ್ಲಿ ಕೊಳಕು ಬಟ್ಟೆಯಿಂದ ಹುಡುಗಿಗೆ ಕಾಯಿಲೆ, ಡಾಕ್ಟರು ಬುದ್ಧಿ ಹೇಳ್ತಾರೆ. ಮೂರನೇದರಲ್ಲಿ ಅಮ್ಮ ಬದಲಾಗ್ತಾಳೆ, ಮಗಳನ್ನ ಒಳಗೆ ಕರೀತಾಳೆ. ಅಷ್ಟೇ."

ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಚೌಕಗಳನ್ನು ನೋಡಿದಳು.

"ಅತ್ತೆ ಎಲ್ಲಿ?"

"ಯಾರ ಅತ್ತೆ?"

"ಆ ಅಮ್ಮನ ಅತ್ತೆ. ಸತ್ತು ಹೋಗಿದ್ದಾಳಾ?"

"ಇಲ್ಲಮ್ಮ. ಕತೆಯಲ್ಲಿ ಅತ್ತೆ ಇಲ್ಲ. ಹದಿನೆಂಟು ನಿಮಿಷದಲ್ಲಿ ಇನ್ನೊಬ್ಬರನ್ನ ಎಲ್ಲಿ ತುರುಕಲಿ?"

"ಹಾಗಾದರೆ ಸುಲಭ ಬಿಡಿ," ಎಂದಳು ಅಮ್ಮ. ಸುತ್ತಲಿದ್ದವರೆಲ್ಲ ನಕ್ಕರು.

ಚಿತ್ರೀಕರಣಕ್ಕೆ ಎರವಲು ಪಡೆದ ಮನೆ ಮರುದಿನ ಸಿಗುವಂತಿರಲಿಲ್ಲ. ಹಾಗಾಗಿ ಕೊನೆಯ ಚೌಕವನ್ನೇ ಮೊದಲು ತೆಗೆದರು. ಮಗಳು ಹಿತ್ತಲ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದಳು. ಅಂದು ಅವಳಿಗೆ ಮುಟ್ಟಿನ ಎರಡನೆಯ ದಿನ. ಅಮ್ಮ ಬಾಗಿಲು ತೆರೆದು, "ಒಳಗೆ ಬಾ ಮಗಳೇ," ಎಂದು ಗುರುತಿಲ್ಲದ ಒಂದು ಹುಡುಗಿಯನ್ನು ಎದೆಗೆ ಒತ್ತಿಕೊಂಡಳು. ಹುಡುಗಿಯ ಬೆನ್ನ ಮೇಲೆ ಅವಳ ಕೈ ಮೇಲಕ್ಕೂ ಕೆಳಕ್ಕೂ ಆಡಿತು. ಕಣ್ಣೀರು ಕೇಳದೆಯೇ ಬಂತು. ಎರಡನೆಯ ಬಾರಿ ತೆಗೆಯಬೇಕಾಗಲಿಲ್ಲ.

ಸಂಜೆ ಮನೆಯಲ್ಲಿ ಅಮ್ಮ ಊಟದ ತಟ್ಟೆಯನ್ನು ಮಗಳನ್ನು ಕೂರಿಸಿದ್ದ ಹಿಂದಿನ ಕೋಣೆಯ ಹೊಸ್ತಿಲ ಬಳಿ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡಳು.

"ಆ ಹುಡುಗೀನ ಅಲ್ಲಿ ಹಾಗೆ ತಬ್ಬಿಕೊಂಡೆಯಲ್ಲ," ಎಂದಳು ಮಗಳು.

"ಅದು ಅವರ ಮನೆ," ಎಂದಳು ಅಮ್ಮ.

ಹೋಗಲಿಲ್ಲ. ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ನಡುಮನೆಯಲ್ಲಿ ಅಜ್ಜಿ ಕೆಮ್ಮಿದ್ದು ಕೇಳಿಸಿತು. ಬೇಕೆಂದು ಕೆಮ್ಮಿದ್ದಲ್ಲ, ಬರಿಯ ಕೆಮ್ಮು. ಅಮ್ಮ ಸೆರಗು ಸರಿಮಾಡಿಕೊಂಡು ನಡುಮನೆಗೆ ಹೋದಳು.

* * *

"ಅಜ್ಜಿ, ಅಮ್ಮ ನನಗೇ ಹೇಳಿದ್ದಾಳೆ," ಎಂದಳು ಮಗಳು. "ಹೋದ ತಿಂಗಳು ಫೋನಲ್ಲಿ. ನನ್ನ ಕೊನೇ ಸ್ನಾನ ನೀನೇ ಮಾಡಿಸಬೇಕು, ಆ ದಿನ ನೀನು ಹೇಗಿದ್ದರೂ ಸರಿ ಅಂದಳು."

"ನಿನಗೆ ಹೇಳಿದ್ದಾಳೆ." ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಹೇಳಲಿಲ್ಲ. ನಾಲ್ಕು ತಿಂಗಳು ಅವಳ ಬಾಯಿಗೆ ತುತ್ತು ಇಟ್ಟವಳು ನಾನು, ಮಗ್ಗುಲು ತಿರುಗಿಸಿದವಳು ನಾನು. ಒಂದು ದಿನವಾದರೂ ಹೇಳಬಹುದಿತ್ತಲ್ಲ."

ಮಗಳು ಬಾಗಿಲ ಬಳಿ ಕೂತಿದ್ದ ಅಪ್ಪನ ಕಡೆ ತಿರುಗಿದಳು. "ನಿಮಗಾದರೂ ಹೇಳಿದ್ದಳಾ?"

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. ಇಲ್ಲವೆಂದು ತಲೆಯಾಡಿಸಿದರು. ಕನ್ನಡಕ ಮತ್ತೆ ಹಾಕಿಕೊಂಡು, "ಅಮ್ಮಾ, ಹೋಗಲಿ ಬಿಡು," ಎಂದರು. ಯಾರಿಗೆ ಹೇಳಿದರೆಂದು ತಿಳಿಯುವಂತಿರಲಿಲ್ಲ. ಅವರು ತಾಯಿಯನ್ನೂ ಮಗಳನ್ನೂ ಅಮ್ಮಾ ಎಂದೇ ಕರೆಯುತ್ತಿದ್ದರು.

ನರ್ಸು ಎದ್ದುನಿಂತಳು. "ಅಜ್ಜಿ, ವರ್ಷಕ್ಕೆ ನಲವತ್ತು ಶಾಲೇಲಿ ಆ ಸಿನಿಮಾ ತೋರಿಸ್ತೀನಿ. ನಿಮ್ಮ ಸೊಸೆ ಬಾಗಿಲು ತೆಗೆದು ಮಗಳನ್ನ ಕರೆದಾಗ ಹುಡುಗೀರು ಅಳ್ತಾರೆ. ಕೆಲವರು ಮನೆಗೆ ಹೋಗಿ ಜಗಳ ಮಾಡಿ ಒಳಗೆ ಬಂದಿದ್ದಾರೆ. ಅಂಥವಳ ಸ್ವಂತ ಮಗಳನ್ನೇ ಹೀಗೆ ನಿಲ್ಲಿಸಿದರೆ ಹೇಗೆ?"

"ನಾನೂ ನೋಡಿದ್ದೇನೆ ಸಿಸ್ಟರೇ. ಚೆನ್ನಾಗಿ ಆಡಿದ್ದಾಳೆ. ನಾನೂ ಅತ್ತಿದ್ದೇನೆ." ಅಜ್ಜಿ ಗೋಡೆ ಹಿಡಿದು ಎದ್ದಳು. "ಅದು ಆಟ. ಇವತ್ತು ಅವಳು ದೇವರ ಹತ್ತಿರ ಹೊರಟಿದ್ದಾಳೆ. ದಾರಿಯಲ್ಲಿ ಅವಳಿಗೇನಾದರೂ ಆದರೆ? ಇವತ್ತಲ್ಲ ನಾಳೆ ನಾನೂ ಅಲ್ಲಿಗೇ ಹೋಗೋಳು. ಅವನ ಮುಂದೆ ಏನಂತ ನಿಲ್ಲಲಿ?"

"ದೇವರು ಹಾಗೆಲ್ಲ ನೋಡಲ್ಲ ಅಜ್ಜಿ," ಎಂದಳು ಮಗಳು.

"ನಿನಗೆ ಹೇಗೆ ಗೊತ್ತು?"

ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದರೆ ಹೇಳಲಿ ಎಂಬಂತೆ ಅವಳು ಮೊಮ್ಮಗಳ ಮುಖವನ್ನೇ ನೋಡುತ್ತಿದ್ದಳು.

"ನಮ್ಮಮ್ಮ ಹೋದಾಗ ನನಗೆ ಹದಿನಾರು," ಎಂದಳು ಅಜ್ಜಿ. "ನಾನೂ ಹೊರಗೇ ಕೂತಿದ್ದೆ. ಮುಖ ಕೂಡ ದೂರದಿಂದ ನೋಡಿದೆ. ಸತ್ತೆನಾ? ಇಲ್ಲವಲ್ಲ." ಹಾಗೆನ್ನುತ್ತ ನಡೆದು ಹೋಗಿ ಬಚ್ಚಲಿನ ಹೊಸ್ತಿಲ ಮೇಲೆ, ಎರಡೂ ಕಡೆಯ ಚೌಕಟ್ಟಿಗೆ ಕೈ ಊರಿ, ಮೆಲ್ಲಗೆ ಕುಳಿತುಕೊಂಡಳು.

"ನಿನ್ನ ಚಿಕ್ಕಮ್ಮ ಬರಲಿ, ಸಿಸ್ಟರು ಬರಲಿ, ಸರಿದು ದಾರಿ ಬಿಡ್ತೀನಿ. ನೀನು ಬರೋದಾದರೆ ನನ್ನ ದಾಟಿಕೊಂಡು ಬಾ."

ಮಗಳು ಹತ್ತಿರ ಹೋದಳು. ಅಜ್ಜಿಯ ನೆತ್ತಿ ಕಂಡಿತು. ಕೂದಲು ತೆಳುವಾಗಿ, ಕೂಸಿನ ನೆತ್ತಿಯಂತೆ ಚರ್ಮ ಹೊಳೆಯುತ್ತಿತ್ತು. ಆ ಮೈಯನ್ನು ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದಿತ್ತು. ಅವಳು ಕೈ ಚಾಚಿದಳು ಸಹ. ಅಜ್ಜಿ ಕಣ್ಣು ಮುಚ್ಚಿಕೊಂಡು ಮತ್ತೆ ಪ್ರಾರ್ಥನೆ ಶುರುಮಾಡಿದ್ದಳು. ಅದರ ನಡುವೆ ಸೊಸೆಯ ಹೆಸರು ಬಂದು ಬಂದು ಹೋಗುತ್ತಿತ್ತು.

"ಹನ್ನೊಂದಕ್ಕೆ ಗಾಡಿ ಬರುತ್ತೆ ಕಣೇ," ಎಂದಳು ಚಿಕ್ಕಮ್ಮ ಬಿಸಿನೀರಿನ ಬಕೆಟ್ ಹಿಡಿದು. ಅದನ್ನು ಕೆಳಗಿಟ್ಟಳು. "ನಾನು ಏನು ಮಾಡಲಿ ಹೇಳು."

"ಮಾಡಿಸಿ ಚಿಕ್ಕಮ್ಮ," ಎಂದಳು ಮಗಳು.

ಅವಳು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಮನೆ ಸುತ್ತಿಕೊಂಡು, ಬಚ್ಚಲಿನ ಹಿಂಗೋಡೆಯ ಬಳಿ ನಿಂತಳು. ತಲೆಯ ಮೇಲೆ ಸಣ್ಣ ಗವಾಕ್ಷಿ. ಒಳಗೆ ಕಾಲುಗಳ ಸಪ್ಪಳ, ಬೆಂಚು ಕಿರುಗುಟ್ಟಿದ್ದು, ನರ್ಸು "ನಿಧಾನ, ನಿಧಾನ" ಎಂದಿದ್ದು ಕೇಳಿಸಿತು.

"ಚಿಕ್ಕಮ್ಮ, ನೀರಿನ ಬಿಸಿ ನೋಡಿದ್ರಾ?" ಎಂದು ಮಗಳು ಹೊರಗಿನಿಂದ ಕೇಳಿದಳು.

"ನೋಡಿದೆ."

"ಎಡಗೈ ಜಾಸ್ತಿ ಎತ್ತಬೇಡಿ. ಆ ಭುಜ ನೋಯುತ್ತೆ ಅವಳಿಗೆ."

ಒಳಗೆ ತಂಬಿಗೆ ಕೆಳಗಿಟ್ಟ ಸದ್ದಾಯಿತು.

"ಇಲ್ಲ ಕಣಮ್ಮ. ಎತ್ತಲ್ಲ."

"ಬೆರಳ ಸಂದಿ ಒಡೆದಿರುತ್ತೆ. ಬ್ಲೀಚಿನದು. ಅಲ್ಲಿ ಸೋಪು ಬೇಡ, ಬರೀ ನೀರು ಬಿಡಿ."

"ಸರಿ."

ತಂಬಿಗೆ ಬಕೆಟ್ಟಿಗೆ ತಾಗಿದ ಸದ್ದು, ನೀರು ಸುರಿದ ಸದ್ದು. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದ ತೂಬಿನಿಂದ ನೀರು ಹೊರಗೆ ಬಂತು. ಮೊದಲು ನೊರೆ, ಅದರಲ್ಲಿ ಒಂದೆರಡು ನರೆಗೂದಲು, ಆಮೇಲೆ ತಿಳಿನೀರು. ಅದು ಕಲ್ಲುಚಪ್ಪಡಿಯ ಮೇಲೆ ಹರಡಿ ಅವಳ ಪಾದದ ಕಡೆಗೆ ಬಂತು.

ಮಗಳು ಚಪ್ಪಲಿ ಬಿಟ್ಟು ಕುಕ್ಕರುಗಾಲಿನಲ್ಲಿ ಕುಳಿತಳು. ಎರಡೂ ಅಂಗೈಗಳನ್ನು ಜೋಡಿಸಿ ತೂಬಿನ ಬಾಯಿಗೆ ಒಡ್ಡಿದಳು. ನೀರು ಇನ್ನೂ ಬೆಚ್ಚಗಿತ್ತು.

"ಸಾಕು, ಗಾಡಿ ಬಂತು," ಎಂದು ಅಜ್ಜಿ ಒಳಗಿನಿಂದ ಹೇಳಿದ್ದು ಕೇಳಿಸಿತು.

"ಇನ್ನೊಂದು ತಂಬಿಗೆ ಹಾಕಲೇನೇ?" ಎಂದು ಚಿಕ್ಕಮ್ಮ ಗವಾಕ್ಷಿಯ ಕಡೆಗೆ ಕೇಳಿದಳು.

"ಹಾಕಿ ಚಿಕ್ಕಮ್ಮ," ಎಂದಳು ಮಗಳು, ಅಂಗೈ ಹಾಗೇ ಹಿಡಿದುಕೊಂಡು.