ವೆಬ್‌ಸೈಟಿನಲ್ಲಿ ಬತ್ತಿದ ಕೆರೆ

ವಿಜಯನಗರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ಜಲಜಾಗೆ ಮಕ್ಕಳ ಅಸೈನ್‌ಮೆಂಟು ಕಂಡರೆ ಮೈ ಉರಿಯುತ್ತಿತ್ತು. ಬ್ರೌಸಿಂಗ್ ಸೆಂಟರಿಗೆ ಹೋಗಿ ಮೊದಲು ಕಣ್ಣಿಗೆ ಬಿದ್ದದ್ದನ್ನು ಬಾಚಿಕೊಂಡು, ಬಣ್ಣದ ರಟ್ಟು ಹಾಕಿಸಿ ತಂದುಕೊಡುವುದು. ಅದಕ್ಕೆ ಸಂಶೋಧನೆ ಎಂಬ ಹೆಸರು ಬೇರೆ. ಬರೆದವರು ಯಾರು, ಯಾಕೆ ಬರೆದರು ನೋಡಿ ಎಂದು ಅವಳು ವರ್ಷವೆಲ್ಲ ಬಡಿದುಕೊಂಡಿದ್ದಳು. ಅಷ್ಟೆಲ್ಲ ಯಾರು ನೋಡ್ತಾರೆ ಎಂದು ವಿಭಾಗದ ಮುಖ್ಯಸ್ಥ ಚಕ್ರಪಾಣಿ ನಗುತ್ತಿದ್ದರು.

ಆ ವರ್ಷ ಕಿಟ್ಟಿ ಎಂಬ ಹುಡುಗ ಕೆಂಗೇರಿಯಾಚೆಯ ಕೆರೆಯೊಂದರ ಬಗ್ಗೆ ಬರೆದು ತಂದ. ಕೆರೆ ಬತ್ತಿ ನೂರು ವರ್ಷವಾಯಿತು, ಈಗ ಮನೆ ಕಟ್ಟಲು ಹೇಳಿ ಮಾಡಿಸಿದ ನೆಲ ಎಂದಿತ್ತು ಅದರಲ್ಲಿ. ಜಲಜಾ ಅವನು ಕೊಟ್ಟಿದ್ದ ವೆಬ್‌ಸೈಟು ತೆರೆದು ನೋಡಿದಳು. ಸರ್ಕಾರದ ವೆಬ್‌ಸೈಟಿನಿಂದ ಆ ಭಾಗದ ನಕ್ಷೆಯನ್ನೂ ಪ್ರಿಂಟ್ ತೆಗೆದಳು. ಆಮೇಲೆ ಹುಡುಗನನ್ನು ಸ್ಟಾಫ್ ರೂಮಿಗೆ ಕರೆಸಿದಳು.

“ಇದನ್ನ ಬರೆದೋರು ಯಾರು ಅಂತ ನೋಡಿದ್ಯಾ?”

“ಇಲ್ಲ ಮಿಸ್. ಹುಡುಕಿದಾಗ ಫಸ್ಟ್ ಬಂದಿದ್ದೇ ಅದು.”

“ಅಲ್ಲಿ ಲೇಔಟ್ ಮಾಡಿ ಸೈಟು ಮಾರೋರು ಕಣೋ. ಅವರು ನೀರಿದೆ ಅಂತ ಬರೀತಾರಾ?”

ನಕ್ಷೆಯಲ್ಲಿ ಆ ಜಾಗವೆಲ್ಲ ನೀಲಿ. ಹುಡುಗ ತಲೆ ತಗ್ಗಿಸಿದ. ಪಕ್ಕದ ಮೇಜಿನಿಂದ ಬಗ್ಗಿ ನೋಡಿದ ಚಕ್ರಪಾಣಿಯವರ ಮುಖ ಮಾತ್ರ ಬಿಳಿಚಿಕೊಂಡಿತು. ಅದೇ ವೆಬ್‌ಸೈಟು ನಂಬಿ ಅವರು ಅಲ್ಲೊಂದು ಸೈಟು ಬುಕ್ ಮಾಡಿದ್ದರು. ಜೀವಮಾನವೆಲ್ಲ ನಕ್ಷೆ ಓದುವುದನ್ನು ಕಲಿಸಿದ ಮನುಷ್ಯ! ಜಲಜಾಗೆ ಅಯ್ಯೋ ಅನಿಸಲಿಲ್ಲ, ಹೇಸಿಗೆಯಾಯಿತು.

ಅದಕ್ಕಿಂತ ಹೆಚ್ಚಿನ ಹೇಸಿಗೆ ಮುಂದಿನ ವಾರ ಕಾದಿತ್ತು. ಮಗಳ ಮದುವೆ ಬಂತು, ದುಡ್ಡು ಬೇಕು ಎಂದು ಹೇಳಿಕೊಂಡು ಚಕ್ರಪಾಣಿ ಆ ಸೈಟನ್ನು ಆಫೀಸಿನ ಗುಮಾಸ್ತ ಕೃಷ್ಣಯ್ಯನಿಗೆ ದಾಟಿಸಲು ಹೊರಟಿದ್ದರು. ಬಾಪೂಜಿ ನಗರದ ಬಾಡಿಗೆ ಮನೆಯಲ್ಲಿದ್ದ ಕೃಷ್ಣಯ್ಯ ಖುಷಿಯಿಂದ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ವಿವರವೆಲ್ಲ ವೆಬ್‌ಸೈಟಲ್ಲೇ ಇದೆಯಂತೆ ಮೇಡಂ, ಸಾರೇ ತೋರಿಸಿದರು ಎಂದು ಜಲಜಾಗೂ ಹೇಳಿದ.

ಅವಳು ಹೋಗಿ ನಕ್ಷೆ ತಂದಳು. ಕೃಷ್ಣಯ್ಯನನ್ನು ಚಕ್ರಪಾಣಿಯವರ ಎದುರಿಗೇ ಕರೆದುಕೊಂಡು ಹೋಗಿ ಅದನ್ನು ಮೇಜಿನ ಮೇಲೆ ಹಾಸಿದಳು.

“ಸಾರ್, ನಿಮ್ಮ ಸೈಟು ಇದರಲ್ಲಿ ಎಲ್ಲಿ ಬರುತ್ತೆ, ಇವರಿಗೆ ನೀವೇ ತೋರಿಸಿಬಿಡಿ.”

ಚಕ್ರಪಾಣಿ ಕನ್ನಡಕ ತೆಗೆದು ಒರೆಸತೊಡಗಿದರು. ಕೃಷ್ಣಯ್ಯ ನೀಲಿ ಬಣ್ಣ ನೋಡಿದ, ಅವರ ಮುಖ ನೋಡಿದ, ತಿರುಗಿ ಹೊರಗೆ ನಡೆದ. ಅಂದಿನಿಂದ ಚಕ್ರಪಾಣಿ ಜಲಜಾಳ ಜೊತೆ ಮಾತು ಬಿಟ್ಟರು. ಪೀಡೆ ತೊಲಗಿತು ಎಂದುಕೊಂಡಳು ಅವಳು.