ಹೊರಕಡಿ ಎಂಬ ಹಠ

ತಲೆ ಚಿಟ್ಟು ಹಿಡಿದುಹೋಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಅಥಣಿ ರಸ್ತೆಯ ವೃದ್ಧರ ನಿಲಯದಲ್ಲಿ ಒಂಬತ್ತು ವರ್ಷದಿಂದ ನಾನು ಆಯಾ. ಹೆಸರು ವತ್ಸಲಾಬಾಯಿ, ಮನೆ ಜೋರಾಪುರ ಪೇಟೆ. ಹದಿನೆಂಟು ಮಂದಿ ಮುದುಕರಿಗೆ ಬೆಳಗಿನ ಪಾಳಿಯಲ್ಲಿ ಮೊದಲು ನಾಲ್ವರು ಆಯಾಗಳಿದ್ದೆವು. ಹೊಸ ಮ್ಯಾನೇಜರ್ ಮಿಲಿಂದ ಸರ್ ಬಂದ ಮೇಲೆ ಇಬ್ಬರಾದೆವು. ಹೋದವರ ಬದಲಿಗೆ ಗೋಡೆಯ ಮೇಲೆ ಎರಡು ಕ್ಯಾಮೆರಾ ಬಂದವು. ಕ್ಯಾಮೆರಾ ಯಾರನ್ನಾದರೂ ಎತ್ತಿ ಕೂರಿಸುತ್ತದೆಯೇ? ಕೇಳಿದರೆ ವತ್ಸಲಾಬಾಯಿಯ ಬಾಯಿ ಜೋರು ಎನ್ನುತ್ತಾರೆ.

ಮಗಳ ಬಾಣಂತನಕ್ಕೆಂದು ಹನ್ನೆರಡು ದಿನ ತಿಕೋಟಾಕ್ಕೆ ಹೋಗಿದ್ದೆ. ನಾನು ಹೋಗುವಾಗ ಏಳನೇ ಮಂಚದ ಶಂಕ್ರೆವ್ವ ವಾಕರ್ ಹಿಡಿದು ಓಡಾಡುತ್ತಿದ್ದಳು. ಬಬಲೇಶ್ವರದವಳು, ಎಪ್ಪತ್ತೆಂಟು ವರ್ಷ. ಮುರಿದ ಸೊಂಟದ ಮೂಳೆ ಆಗಷ್ಟೇ ಕೂಡಿಕೊಂಡಿತ್ತು. ನಿಲಯಕ್ಕೆ ಬಂದ ದಿನವೇ ನನ್ನನ್ನು ಹತ್ತಿರ ಕರೆದು ಒಂದೇ ಮಾತು ಕೇಳಿದ್ದಳು.

“ಉಣ್ಣಾಕ ಏನರ ಕೊಡವ್ವ, ಆದ್ರ ಹಾಸಿಗ್ಯಾಗ ಮಾತ್ರ ಮಾಡಸಬ್ಯಾಡ. ನನ್ನ ಕಾಲಿಲೆ ನಾ ಹೋಗ್ತೇನಿ. ನೀ ಬರೇ ಕೈ ಹಿಡಿ.”

ಹಿಡಿಯುತ್ತೇನೆ ಎಂದಿದ್ದೆ.

ಮರಳಿ ಬಂದು ನೋಡಿದರೆ ಮಂಚದ ಎರಡೂ ಬದಿಗೆ ಕಂಬಿ ಏರಿಸಿದ್ದಾರೆ. ತಲೆಯ ಮೇಲಿನ ಗೋಡೆಗೆ ಕೆಂಪು ಚೀಟಿ: ‘ಹೊರಗೆ ಓಡಿಹೋಗುವ ಸ್ವಭಾವ. ಎಚ್ಚರ.’ ಶಂಕ್ರೆವ್ವನಿಗೆ ಡೈಪರ್ ಹಾಕಿದ್ದಾರೆ. ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಒಣಗಿ ಕೂತಿತ್ತು.

“ಯಾಕ ಬೇ ಯವ್ವಾ, ತಿಂದಿಲ್ಲ?”

“ತಿಂದ್ರ ಮತ್ತ ಹೋಗಬೇಕಾಗತೈತೆಲ್ಲ,” ಎಂದಳು.

ಪಾಳಿಯ ಇನ್ನೊಬ್ಬ ಆಯಾ ವಿಶಾಖಾಳನ್ನು ಕೇಳಿದೆ. ಸೊಲ್ಲಾಪುರದ ಮರಾಠಿ ಹುಡುಗಿ, ಏಜೆನ್ಸಿಯವರು ಕಳಿಸಿ ತಿಂಗಳೂ ಆಗಿಲ್ಲ, ಪಾಪ. ವರದಿ ಪುಸ್ತಕ ತಂದು ಮುಂದಿಟ್ಟಳು. ‘7:00: ಹೊರಕಡೆ ಹೋಗಬೇಕೆಂದು ಹಠ. 7:10: ಮತ್ತೆ ಅದೇ ಹಠ, ಬಾಗಿಲ ಕಡೆ ನಡೆದರು. 7:25: ಮಂಚಕ್ಕೆ ಮರಳಿಸಲಾಯಿತು. ಅತ್ತರು.’ ಕಂಬಿ ಏರಿಸುವವರೆಗೂ ದಿನಾ ಇದೇ.

ಅಯ್ಯೋ ನಮ್ಮ ಕರ್ಮವೇ! ನಮ್ಮ ಕಡೆ ಹೊರಕಡಿ ಎಂದರೆ ಸಂಡಾಸು ಎಂದು ಸಣ್ಣ ಕೂಸಿಗೂ ಗೊತ್ತು. ಪುಸ್ತಕ ಎತ್ತಿಕೊಂಡು ನೇರ ಆಫೀಸಿಗೆ ನಡೆದೆ. ಮಿಲಿಂದ ಸರ್ ಪುಣೆಯಲ್ಲಿ ಬೆಳೆದವರು, ಪುಸ್ತಕ ಓದಿ ಕನ್ನಡ ಕಲಿತವರು.

“ಸರ್, ಆಕಿ ಓಡಿ ಹೋಗಾಕತ್ತಿದ್ದಿಲ್ರಿ. ಸಂಡಾಸಕ್ಕ ಹೋಗಬೇಕು ಅನ್ನಾಕತ್ತಿದ್ಲು!”

ಸರ್ ನಕ್ಕುಬಿಟ್ಟರು. “ಹಾಗಾದರೆ ಟಾಯ್ಲೆಟ್ ಅನ್ನಬೇಕಿತ್ತು. ಎಲ್ಲರಿಗೂ ಅರ್ಥವಾಗುವ ಭಾಷೆ ಬಳಸಬೇಕು, ವತ್ಸಲಾಬಾಯಿ.”

“ಆತ್ರಿ. ಇನ್ ಮ್ಯಾಲ ಡೈಪರ್ ತಗೀತೇನ್ರಿ.”

“ಬೇಡ, ಅದು ಇರಲಿ.” ನಗು ನಿಂತಿತು. “ಒಬ್ಬರ ಕೈ ಹಿಡಿದು ಇಪ್ಪತ್ತು ನಿಮಿಷ ನಿಂತರೆ ಉಳಿದ ಹದಿನೇಳು ಜನರನ್ನು ಯಾರು ನೋಡುತ್ತಾರೆ?”

“ನಾನೂ ಅದನ್ನ ಕೇಳಾಕತ್ತೇನ್ರಿ. ಇನ್ನಿಬ್ಬರನ್ನ ತಗೋರಿ.”

“ನೋಡೋಣ,” ಎಂದು ಫೋನು ಎತ್ತಿಕೊಂಡರು. ಅವರ ‘ನೋಡೋಣ’ವನ್ನು ನಾನು ಒಂದು ವರ್ಷದಿಂದ ನೋಡುತ್ತಿದ್ದೇನೆ.

ಸಿಟ್ಟಿನಲ್ಲೇ ಬಂದು ಕಂಬಿ ಇಳಿಸಿದೆ, ಡೈಪರ್ ತೆಗೆದೆ, ಆ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದೆ. ಆಮೇಲೆ ಶಂಕ್ರೆವ್ವನಿಗೆ ಪಾಠ ಶುರುವಾಯಿತು.

“‘ಟಾಯ್ಲೆಟ್’ ಅಂತ ಅನ್ನ ಬೇ.”

“ಟಾಯ್... ಲೆಟ್ಟ.”

“ಹಾಂ, ಇನ್ನೂ ಜೋರ!”

ಬೊಚ್ಚುಬಾಯಿ ತೆರೆದು ನಕ್ಕಳು. “ಈ ವಯಸ್ಸಿನ್ಯಾಗ ಸಾಲಿಗಿ ಹಾಕಿದ್ಯಲ್ಲ ನನ್ನ!” ಮಧ್ಯಾಹ್ನ ಬೇಳೆಯಲ್ಲಿ ನೆನೆಸಿದ ಒಂದಿಡೀ ರೊಟ್ಟಿ ತಿಂದಳು.

ಮರುದಿನ ಬೆಳಗ್ಗೆ ಸರ್ ವಿಶಾಖಾಳನ್ನು ಕೆಳಗೆ ಕರೆಸಿಕೊಂಡರು. ಒಂಬತ್ತಕ್ಕೆ ಯಾರೋ ನಿಲಯ ನೋಡಲು ಬರುವವರಿದ್ದರು, ಮುಂದಿನ ಕೋಣೆ ಸಿಂಗರಿಸಬೇಕಂತೆ. ಮೇಲೆ ನಾನೊಬ್ಬಳೇ. ಹದಿನಾಲ್ಕನೇ ಮಂಚದ ಗುರುಪಾದಯ್ಯನವರಿಗೆ ಎಡಗಡೆ ಲಕ್ವಾ, ಎಂಬತ್ತು ಕಿಲೋ ಆಳು. ವೀಲ್‌ಚೇರಿಗೆ ಇಳಿಸುತ್ತಿದ್ದೆ, ಅವರ ಅರ್ಧ ಭಾರ ಇನ್ನೂ ನನ್ನ ತೋಳಲ್ಲೇ ಇತ್ತು.

“ವತ್ಸಲಾ, ಟಾಯ್ಲೆಟ್ಟ!”

“ಬಂದೆ ಬೇ!”

“ಟಾಯ್ಲೆಟ್ಟ, ನಮ್ಮವ್ವಾ, ಟಾಯ್ಲೆಟ್ಟ!”

ಕೆಳಗಿನವರಿಗೂ ಕೇಳುವಷ್ಟು ಜೋರು. ನಾನು ಕೈ ಬಿಟ್ಟರೆ ಗುರುಪಾದಯ್ಯನವರು ನೆಲಕ್ಕೆ. “ವಿಶಾಖಾ!” ಎಂದು ಕಿರುಚಿದೆ. ಯಾರೂ ಮೇಲೆ ಬರಲಿಲ್ಲ. ಶಂಕ್ರೆವ್ವ ಆರು ಸಲ ಕೂಗಿ ಸುಮ್ಮನಾದಳು.

ಅವರನ್ನು ಕೂರಿಸಿ ಓಡಿ ಹೋದೆ. ವಾಕರ್ ಹಿಡಿದು ಮಂಚದ ಅಂಚಿಗೆ ಕೂತಿದ್ದಳು. ಸೀರೆ, ಹಾಸಿಗೆ, ಎಲ್ಲ ಆಗಿಹೋಗಿತ್ತು. ನನ್ನ ಮುಖ ನೋಡಲಿಲ್ಲ.

“ಟಾಯ್ಲೆಟ್ಟ ಅಂತ ಬರೋಬ್ಬರಿ ಅಂದ್ನೆಲ್ಲ, ವತ್ಸಲಾ?”

ತೊಳೆದೆ, ಸೀರೆ ಬದಲಿಸಿದೆ.

“ಅದನ್ನ ಹಾಕಿಬಿಡವ್ವ,” ಎಂದಳು, ಡೈಪರಿನ ಕಡೆ ಕೈ ಮಾಡಿ.

ವರದಿ ಪುಸ್ತಕ ತೆಗೆದೆ. ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲೇ ಬರೆದೆ: ‘7:40: ಶಂಕ್ರೆವ್ವ ಟಾಯ್ಲೆಟ್ ಕೇಳಿದರು. ಆರು ಸಲ ಕೇಳಿದರು. ಯಾರೂ ಬರಲಿಲ್ಲ. ನಾನೂ ಬರಲಿಲ್ಲ.’

ಕೆಳಗೆ ನನ್ನ ಪೂರ್ತಿ ಹೆಸರು ಬರೆದು ರುಜು ಹಾಕಿದೆ.