ಮಾಲಿಂಗನ ಮೈಮೇಲೆ ಬಂದದ್ದು

ಸಾತವ್ವ ಮಗನನ್ನು ಹದಿನೆಂಟು ವರ್ಷ ರೆಕ್ಕೆಯಡಿ ಇಟ್ಟುಕೊಂಡೇ ಬೆಳೆಸಿದಳು. ಓಡಬೇಡ, ಈಜಬೇಡ, ಕುರಿಗಳ ಹಿಂದೆ ಹೋಗಬೇಡ. ಮಾಲಿಂಗನಿಗೆ ದಮ್ಮಿನ ಕಾಟ. ಅವರ ಊರು ಚಿಮ್ಮಡದ ಓರಗೆಯ ಹುಡುಗರೆಲ್ಲ ಡೊಳ್ಳು ಕಟ್ಟಿಕೊಂಡು ಕುಣಿಯುವಾಗ ಅವನು ಕಟ್ಟೆಯ ಮೇಲೆ ಕೂತು ತನ್ನ ತೊಡೆಯನ್ನೇ ಬಾರಿಸುತ್ತಿದ್ದ.

ಜಮಖಂಡಿಯ ಡಾಕ್ಟರು ಅವಳನ್ನೇ ಬೈದರು.

"ಹಿಂಗ ಕುಂಡ್ರಿಸಿಟ್ರ ಹುಡುಗ ಮತ್ತಿಷ್ಟು ಸೊರಗತಾನ. ಡೊಳ್ಳು ಬಾರಿಸಲಿ ಬಿಡ್ರಿ. ಕಾಲು ತಾಸು ಮೊದಲ ಈ ದಮ್ಮಿನ ಔಷಧದ ಪಂಪ್ ಬಾಯಾಗಿಟ್ಟು ಎಳಕೊಳ್ಳಲಿ. ಸಾವಕಾಶ ಸುರು ಮಾಡಲಿ. ಎದಿ ಬಿಗೀತು ಅಂದ್ರ ಅಲ್ಲೇ ನಿಂತು ಮತ್ತ ಎಳಕೋಬೇಕು. ಧೂಳು, ಹೊಗಿ ಇದ್ದಲ್ಲಿ ಮಾತ್ರ ಬ್ಯಾಡ."

ಸಾತವ್ವ ಚಾಚೂ ತಪ್ಪದೆ ನಡೆದುಕೊಂಡಳು. ಡೊಳ್ಳಿನವರ ಉಡುಪಿಗೆ ಜೇಬಿಲ್ಲ, ಹಾಗಾಗಿ ಪಂಪು ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು. ಹುಡುಗ ಚಿಗುರಿಕೊಂಡ, ಎದೆ ಅಗಲವಾಯಿತು. ಆದರೆ ಜಾತ್ರೆಯಲ್ಲಿ ತೂರುವ ಅರಿಶಿನದ ಭಂಡಾರವನ್ನು ಅವಳು ಧೂಳೆಂದು ಎಣಿಸಿರಲಿಲ್ಲ. ಯಾರು ತಾನೇ ಎಣಿಸಿಯಾರು? ಅದು ಬೀರಪ್ಪನ ಪ್ರಸಾದ.

ಚಿಕ್ಕಪಡಸಲಗಿಯ ಹೊಳೆಯಲ್ಲಿ ಮಿಂದು ಬೀರಪ್ಪನ ಪಲ್ಲಕ್ಕಿ ಊರಿಗೆ ಮರಳಿದ ದಿನ, ಮಾಲಿಂಗ ಮೊದಲ ಬಾರಿ ಮುಂದಿನ ಸಾಲಿನಲ್ಲಿದ್ದ. ಜನ ಅರಿಶಿನದ ಪುಡಿಯನ್ನು ಬೊಗಸೆ ಬೊಗಸೆಯಾಗಿ ತೂರಿದರು. ಓಣಿ ಹಳದಿಯಾಯಿತು, ಎದುರಿಗಿದ್ದವರ ಮುಖ ಕಾಣದಾಯಿತು. ಡೊಳ್ಳಿನ ಪೆಟ್ಟು ತಪ್ಪಿತು. ಮಾಲಿಂಗ ಬಾಯಿ ತೆರೆದು, ಹೆಗಲೆತ್ತಿ, ಕಣ್ಣು ಮೇಲೆ ಮಾಡಿ ನಿಂತ. ಮೈಯೆಲ್ಲ ಅದುರುತ್ತಿತ್ತು.

"ದೇವರು ಬಂದಾನೋ! ಮಾಲಿಂಗನ ಮೈಮ್ಯಾಲ ಬೀರಪ್ಪ ಬಂದಾನೋ!"

ಮತ್ತಷ್ಟು ಭಂಡಾರ ಹಾರಿತು. ಮಾಲಿಂಗ ಬೇಡ ಎಂದು ಕೈ ಬೀಸಿದ. ಜನ ಆ ಕೈಗೇ ಕೈ ಮುಗಿದರು.

"ದೇವರಲ್ಲ, ಅಂವಗ ಉಸಿರು ಆಡವಲ್ದರಿ! ದಾರಿ ಬಿಡ್ರಿ!" ಎಂದು ಸಾತವ್ವ ನುಗ್ಗಿದಳು. ಡೊಳ್ಳುಗಳ ಅಬ್ಬರದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಗಂಡಸರ ಬೆನ್ನುಗಳು ಗೋಡೆ ಕಟ್ಟಿದ್ದವು. ಗಂಟು ಬಿಚ್ಚಿ ಪಂಪನ್ನು ಮುಂದಿನವನ ಕೈಗೆ ತುರುಕಿದಳು. "ಮಾಲಿಂಗಗ ಮುಟ್ಟಸಪಾ!"

ಪಂಪು ಕೈಯಿಂದ ಕೈಗೆ ದಾಟಿತು. ಕೊನೆಗೆ ಪೂಜಾರಿ ರೇವಪ್ಪನ ಕೈ ಸೇರಿತು. ತಾಯಿ ಕೊಟ್ಟದ್ದು ಎಂದಷ್ಟೇ ಅವನಿಗೆ ಕೇಳಿಸಿತ್ತು. ಹರಕೆಯ ವಸ್ತುವೆಂದುಕೊಂಡು ಹಣೆಗೊತ್ತಿಕೊಂಡ, ಪಲ್ಲಕ್ಕಿಯೊಳಗೆ ಕಾಯಿಗಳ ನಡುವೆ ಇಟ್ಟ. ಬೆನ್ನುಗಳ ಸಂದಿಯಿಂದ ಸಾತವ್ವ ನೋಡುತ್ತಿದ್ದಂತೆಯೇ ಪಲ್ಲಕ್ಕಿ ಮುಂದೆ ಸಾಗಿತು.

ಹೆಂಗಸರು ಪಲ್ಲಕ್ಕಿ ಮುಟ್ಟುವ ಹಾಗಿಲ್ಲ. ಆದರೆ ಅಷ್ಟು ಹೊತ್ತಿಗೆ ಸಾತವ್ವನಿಗೆ ಎಂಥ ಮಡಿ, ಎಂಥ ಮೈಲಿಗೆ? ತೋಳುಗಳ ಕೆಳಗೆ ನುಸುಳಿ ಹೋಗಿ ದಂಡಿಗೆಗೇ ಜೋತುಬಿದ್ದಳು. ದೇವರು ನಿಂತ. ರೇವಪ್ಪ ಹೌಹಾರಿದ.

"ಹುಚ್ಚಿ! ಏನ ಮಾಡಾಕತ್ತಿ?"

ಅವಳು ಕಾಯಿಗಳನ್ನು ಚೆಲ್ಲಾಡಿ ಪಂಪು ತೆಗೆದುಕೊಂಡು ಓಡಿದಳು.

ಮಾಲಿಂಗ ನೆಲಕ್ಕೆ ಕುಸಿದಿದ್ದ. ತುಟಿಗಳು ನೀಲಿಗಟ್ಟಿದ್ದವು. ಅವನನ್ನು ಎಬ್ಬಿಸಿ ಕೂರಿಸಿ, ಬಾಯಿಗೆ ಪಂಪು ಹಿಡಿದಳು. ಮೊದಲ ಸಲ ಒಳಗೇ ಹೋಗಲಿಲ್ಲ. "ಎಳಕೋ ನನ್ನಪ್ಪಾ, ಎಳಕೋ." ಮತ್ತೊಂದು, ಮಗದೊಂದು. ಬಹಳ ಹೊತ್ತಿನ ಮೇಲೆ ಎದೆಯೊಳಗಿನ ಸಿಳ್ಳು ಸ್ವಲ್ಪ ಇಳಿಯಿತು. ಅವನು ತಾಯಿಯ ಮಣಿಕಟ್ಟು ಹಿಡಿದ.

ರೇವಪ್ಪ ಬಂದು ನೋಡಿದ. ಬೈಯಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು.

"ಕಂಡ್ರೇನ್ರೋ? ತನ್ನ ಪಲ್ಲಕ್ಕಿಯೊಳಗಿಂದ ಮದ್ದು ಕೊಟ್ಟು ಮಗನ್ನ ಉಳಿಸಿದ ನಮ್ಮಪ್ಪ!"

ಓಣಿಯೆಲ್ಲ ಹೋ ಎಂದಿತು. ನೂರಾರು ಕೈಗಳು ಭಂಡಾರದ ಚೀಲಕ್ಕಿಳಿದವು.

"ಹಾರಸಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ, ಹಾರಸಬ್ಯಾಡ್ರಿ!" ಎಂದು ಸಾತವ್ವ ಚೀರಿದಳು. ಭಕ್ತಿಯಿಂದ ಅಳುತ್ತಿದ್ದಾಳೆಂದು ಪಕ್ಕದ ಹೆಂಗಸರೂ ಅತ್ತರು. ಅವಳು ಮಗನ ಮುಖವನ್ನು ಸೆರಗಿನಲ್ಲಿ ಸುತ್ತಿ, ಅವನ ಮೇಲೆ ಬೋರಲು ಬಿದ್ದಳು. ಬೆನ್ನ ಮೇಲೆ ಭಂಡಾರ ಸುರಿಯುತ್ತಲೇ ಇತ್ತು.